ಗೋಡೆ ಬೆವರಿದ ಮಳೆಗಾಲ

ಆ ವರ್ಷದ ನನ್ನ ಡೈರಿಯಲ್ಲಿ ಜುಲೈ ನಡುವಿನಿಂದ ಸೆಪ್ಟೆಂಬರ್ ಮೊದಲ ವಾರದವರೆಗಿನ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಉಗುರು ತೂರಿಸಿ ಬಿಡಿಸಲು ಹೋದರೆ ಒಂದು ಪುಟದ ಅಕ್ಷರ ಕಿತ್ತು ಎದುರಿನ ಪುಟದ ಮೇಲೆ ಕೂರುತ್ತದೆ. ಹೋದ ತಿಂಗಳು ಹಿರೇಕೆರೂರಿಗೆ ಹೋಗಿ ಬಂದವಳು ಟ್ರಂಕು ತೆರೆದು ಅದನ್ನು ಹುಡುಕಿದೆ. ಕೈಗೆತ್ತಿಕೊಂಡ ಕೂಡಲೇ ವಾಸನೆ ಬಂತು: ಹಸಿ ಸುಣ್ಣ, ಸಾಬೂನು, ಜೋಳದ ಹಿಟ್ಟು. ಸುಣ್ಣ ಮತ್ತು ಸಾಬೂನು ನಿಜವಿರಬೇಕು. ಹಿಟ್ಟಿನ ವಾಸನೆ ಇಷ್ಟು ವರ್ಷ ಕಾಗದದಲ್ಲಿ ಉಳಿಯುತ್ತದೆಯೇ? ನಾನೇ ಸೇರಿಸಿಕೊಂಡಿರಬಹುದು. ಹೀಗೆ ಸೇರಿಸಿಕೊಳ್ಳುವ ಚಾಳಿ ನನಗಿದೆ. ಆದ್ದರಿಂದ ಇಲ್ಲಿ ಬರೆಯುವುದರಲ್ಲಿ ಡೈರಿಯದ್ದು ಯಾವುದು, ನನ್ನದು ಯಾವುದು ಎಂದು ಗೊತ್ತಿರುವ ಕಡೆ ಹೇಳುತ್ತ ಹೋಗುತ್ತೇನೆ.

ನನ್ನನ್ನು ಹಿರೇಕೆರೂರಿಗೆ ಹಾಕಿದ್ದು ಜೂನ್‌ನಲ್ಲಿ. ಕೃಷಿ ವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿದವಳಿಗೆ ಕೊಟ್ಟ ಕೆಲಸ ಸರಳವಾಗಿತ್ತು. ಒಂದು ಉಗ್ರಾಣಕ್ಕೆ ಬರುವ ಗೋವಿನಜೋಳದ ತೇವ ನೋಡುವುದು. ಚೀಲಕ್ಕೆ ಕೊಳವೆ ಚುಚ್ಚಿ ಕಾಳು ತೆಗೆದು ಮೀಟರಿನ ಬಟ್ಟಲಿಗೆ ಸುರಿದರೆ ಅಂಕಿ ಮೂಡುತ್ತದೆ. ಶೇಕಡಾ ಹದಿನಾಲ್ಕರವರೆಗೆ ಒಳಗೆ, ದಾಟಿದರೆ ಹೊರಗೆ. ದಿನಕ್ಕೆ ನೂರು ಸಲ ಅದೇ. ಸಂಜೆಯಾಗುವಷ್ಟರಲ್ಲಿ ಯಾರ ಮುಖವೂ ನೆನಪಿರುತ್ತಿರಲಿಲ್ಲ, ಅಂಕಿಗಳು ಇರುತ್ತಿದ್ದವು.

ಬಾಡಿಗೆಗೆ ಸಿಕ್ಕಿದ್ದು ಒಂದು ಹಿಟ್ಟಿನ ಗಿರಣಿಯ ಮೇಲಿನ ಕೋಣೆ. ಗಿರಣಿ ನಡೆಸುವವರು ನೀಲವ್ವ. ಐವತ್ತರ ಆಸುಪಾಸಿನ ಹೆಂಗಸು, ಗಂಡ ತೀರಿ ಎರಡು ವರ್ಷವಾಗಿತ್ತು. ಹುಬ್ಬಿನ ಮೇಲೆ ಸದಾ ಹಿಟ್ಟು. ನಾನು ‘ಅಕ್ಕಾರ’ ಅನ್ನುತ್ತಿದ್ದೆ, ಅವರು ನನ್ನನ್ನು ‘ಬಾಯಾರ’ ಅನ್ನುತ್ತಿದ್ದರು. ಅವರಿಗೆ ಕಿವಿಯೇ ಎಲ್ಲ. ಹಿತ್ತಲಲ್ಲಿ ಬೆನ್ನು ಹಾಕಿ ಕೂತು ಕಾಳು ಹಸನು ಮಾಡುತ್ತ, “ಬೇರಿಂಗ್ ಅಳಾಕತ್ತೈತಿ, ನಾಳೆ ಎಣ್ಣಿ ಹಾಕಬೇಕು” ಅನ್ನುವರು. ನನಗೆ ಕೇಳುತ್ತಿದ್ದುದು ಒಂದೇ ಗದ್ದಲ.

ಮೇಲಿನ ಬಚ್ಚಲಮನೆಯನ್ನು ಅವರ ಗಂಡ ತಾವೇ ಕಟ್ಟಿದ್ದರಂತೆ. ಗಾರೆ ಕೆಲಸದ ಗೌಂಡಿಯಲ್ಲ, ಗಿರಣಿಯವರು. ಆದರೂ ಬಾಗಿಲೆತ್ತರಕ್ಕೆ ಬಿಳಿ ಟೈಲ್ಸ್ ಕೂರಿಸಿದ್ದರು, ಅದರ ಮೇಲೆ ನೀಲಿ ಹೂವಿನ ಒಂದು ಸಾಲು. ಆ ಸಾಲಿನಲ್ಲಿ ಒಂದು ಹೂವು ತಲೆಕೆಳಗಾಗಿತ್ತು. ಮೊದಲು ಅಲ್ಲೊಂದು ಬೆಳಕಿಂಡಿ ಇತ್ತಂತೆ. ಕೆಳಗಿನ ಗಿರಣಿಯಿಂದ ಹಿಟ್ಟಿನ ಧೂಳು ಬಂದು ಒದ್ದೆ ನೆಲದ ಮೇಲೆ ಕಲಸಿದ ಹಾಗಾಗುತ್ತಿತ್ತೆಂದು ಅದನ್ನು ಸಿಮೆಂಟು ಹಾಕಿ ಮುಚ್ಚಿದ್ದರು. ಹೀಗಾಗಿ ಬಾಗಿಲು ಹಾಕಿಕೊಂಡರೆ ಅದೊಂದು ಡಬ್ಬಿ.

ನಾನು ಆ ಡಬ್ಬಿಯಲ್ಲಿ ಬಹಳ ಹೊತ್ತು ಇರುತ್ತಿದ್ದೆ. ಧಾರವಾಡದ ಹಾಸ್ಟೆಲಿನಲ್ಲಿ ಆರು ವರ್ಷ ಸ್ನಾನ ಮಾಡಿದ್ದೆಲ್ಲ ಹೊರಗೆ ಬಕೆಟ್ ಹಿಡಿದು ನಿಂತವರ ಬೈಗುಳ ಕೇಳುತ್ತಲೇ. “ಏ, ಸತ್ತೇನ ಒಳಗ?” ಎಂದು ಬಾಗಿಲು ಗುದ್ದುವರು. ಇಲ್ಲಿ ಗುದ್ದುವವರಿಲ್ಲ. ಗೀಸರಿನ ನೀರು ಬಿಸಿ ಇರುವವರೆಗೂ ಅದರ ಕೆಳಗೆ ನಿಲ್ಲುತ್ತಿದ್ದೆ. ಬೆಳಿಗ್ಗೆ ಮಾತಾಡಿಸಲು ಯಾರೂ ಇಲ್ಲದವಳಿಗೆ ನೀರಿನ ಸದ್ದು ಸಾಕಾಗುತ್ತಿತ್ತು. ಇದನ್ನು ಡೈರಿಯಲ್ಲಿ ಎಲ್ಲಿಯೂ ಬರೆದಿಲ್ಲ. ಆಗ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಬರೆಯಲಿಲ್ಲವೋ, ಈಗ ಹೇಳಲಾರೆ.

ಜುಲೈನಲ್ಲಿ ಜಿಟಿಜಿಟಿ ಹಿಡಿಯಿತು. ಬಚ್ಚಲಿನ ಗೋಡೆಯಲ್ಲಿ ಹನಿಗಳು ಕಾಣಿಸಿಕೊಂಡವು. ಒರೆಸಿದರೆ ಮತ್ತೆ ಬರುವವು. ಚಾವಣಿಯಿಂದ ಹೆಗಲ ಮೇಲೆ ತಣ್ಣಗೆ ಒಂದೊಂದೇ ತೊಟ್ಟು ಬೀಳುವುದು. ಆಗಸ್ಟ್ ಹೊತ್ತಿಗೆ ಮೂಲೆಯಲ್ಲಿ ಸಾಸಿವೆಯಂಥ ಕಪ್ಪು ಚುಕ್ಕೆಗಳು ಹಬ್ಬಿದವು. ಆ ಗೋಡೆಗೆ ಬೆನ್ನು ಕೊಟ್ಟ ಕಪಾಟಿನಲ್ಲಿ ನನ್ನ ಸೀರೆಗಳಿಗೆ ಬೂಷ್ಟು ಹಿಡಿಯಿತು, ಡೈರಿ ಉಬ್ಬಿತು. ಒಂದು ಬೆಳಿಗ್ಗೆ ಕೆಳಗಿಳಿದು ಹೇಳಿದೆ:

“ಅಕ್ಕಾರ, ಗ್ವಾಡ್ಯಾಗಿನ ಪೈಪು ಒಡದೈತಿ. ಟಾಕಿ ನೀರು ಒಳಗಿಂದೊಳಗ ಇಳ್ಯಾಕತ್ತೈತಿ.”

“ಇಲ್ರಿ ಬಾಯಾರ. ಆ ಪೈಪು ನಮ್ಮ ಮನಿಯವ್ರು ತಾವ ಕುಂತು ಹಾಕಿದ್ದು. ಸೋರಂಗಿಲ್ಲ.”

“ಹಸಿ ಎಲ್ಲಿಂದ ಬರತೈತಿ ಅಂತ ನೋಡೂದ ನನ್ನ ಕೆಲಸ ಅಲ್ರಿ? ಅಷ್ಟೂ ತಿಳೀದಿಲ್ಲೇನ್ರಿ ನನಗ?”

ಈ ಕೊನೆಯ ಮಾತು ನಾನು ಆಡಿದ್ದು ನಿಜ. ಇದಕ್ಕೆ ಡೈರಿಯ ಸಾಕ್ಷಿ ಬೇಕಿಲ್ಲ. ಆಡಿದ ರೀತಿ ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಒಡೆಸಿ ನೋಡದಿದ್ದರೆ ಬೇರೆ ಕೋಣೆ ಹುಡುಕಿಕೊಳ್ಳುತ್ತೇನೆ ಎಂದೂ ಹೇಳಿದೆ. ನೀಲವ್ವ ಮೊರದಲ್ಲಿನ ಕಲ್ಲೊಂದನ್ನು ಆರಿಸಿ ಎಸೆದು, “ಒಡಸ್ರಿ ಹಂಗಾರ” ಅಂದರು.

ನಳದ ಕೆಲಸದವನು ಬಂದ. ಪೈಪು ಇಳಿಯುವ ಹೊರಗೋಡೆಯನ್ನು ಮೇಲಿನಿಂದ, ನೀಲಿ ಹೂವಿನ ಸಾಲಿನಿಂದಲೇ ಒಡೆಯತೊಡಗಿದ. ಆ ದಿನ ಧೋ ಎಂದು ಮಳೆ ಸುರಿಯುತ್ತಿತ್ತು ಎಂದು ನನ್ನ ನೆನಪು. ಆದರೆ ಉಗ್ರಾಣದ ಪುಸ್ತಕದಲ್ಲಿ ಆ ದಿನ ಅಂಗಳದಲ್ಲಿ ಕಾಳು ಒಣಗಿಸಿದ ದಾಖಲೆ ಇದ್ದುದನ್ನು ಆಮೇಲೊಮ್ಮೆ ನೋಡಿದ್ದೇನೆ. ಅಂದರೆ ಬಿಸಿಲಿತ್ತು. ಮಳೆ ನಾನು ತಂದುಕೊಂಡದ್ದು.

ಹೂವು ಒಡೆಯಿತು, ಗಿಲಾವು ಉದುರಿತು, ಇಟ್ಟಂಗಿ ಕಳಚಿತು. ಒಂದು ಕಡೆ ಹೊರಗಿನ ಬೆಳಕೇ ಕಾಣಿಸಿತು. ಅವನು ಪೈಪಿನ ಮೇಲೆ ಕೈಯಾಡಿಸಿ ನನ್ನ ಕಡೆ ತಿರುಗಿದ.

“ಪೈಪು ಖಡಕ್ ಐತ್ರಿ. ಕೈ ಹಚ್ಚಿ ನೋಡ್ರಿ, ಇಟ್ಟಂಗಿ ಧೂಳ ಹಾರತೈತಿ.”

ನಾನು ಕೈ ಹಚ್ಚಲಿಲ್ಲ. ನೀಲವ್ವ ಬುಟ್ಟಿ ತಂದು ಟೈಲ್ಸಿನ ಚೂರುಗಳನ್ನು ಒಂದೊಂದಾಗಿ ಆರಿಸಿಕೊಂಡರು. ಬಿಳಿಯವನ್ನು ಬಿಟ್ಟು ನೀಲಿ ಇದ್ದವನ್ನು ಮಾತ್ರ. ತಲೆಕೆಳಗಾದ ಹೂವು ಎರಡು ತುಂಡಾಗಿತ್ತು. “ನೋಡಿದಂಗಾತಲ್ರಿ ಬಾಯಾರ?” ಎಂದಷ್ಟೇ ಕೇಳಿ ಇಳಿದು ಹೋದರು.

ಅಲ್ಲಿಂದ ಮೂರು ವಾರ ನಮ್ಮಿಬ್ಬರ ನಡುವೆ ಮಾತಿಲ್ಲ. ಅದಕ್ಕೂ ಮುಂಚೆ ದಿನಕ್ಕೆ ನಾಲ್ಕು ಮಾತೇನೂ ಇರಲಿಲ್ಲ, ಆದರೆ ಇಲ್ಲವಾದ ಮೇಲೆ ಇದ್ದ ಒಂದೆರಡು ಮಾತಿನ ಅಳತೆ ತಿಳಿಯಿತು. ಆ ಊರಿನಲ್ಲಿ ನಾನು ಬಂದೆನೋ ಹೋದೆನೋ ಎಂದು ತಲೆಯೆತ್ತಿ ನೋಡುತ್ತಿದ್ದುದು ಅವರೊಬ್ಬರೇ. ಈಗ ನಾನು ಮೆಟ್ಟಿಲಿಳಿಯುವಾಗ ಅವರು ಗಿರಣಿಯ ಒಳಗೆ ಹೋಗುವರು. ಗೋಡೆಯ ಕಂಡಿಗೆ ಗೋಣಿಚೀಲ ತುರುಕಿದ್ದೆ. ಗೋಡೆ ಹಾಗೇ ತೋಯುತ್ತಿತ್ತು.

ಸೆಪ್ಟೆಂಬರಿನಲ್ಲಿ ಹೊಸ ಗೋವಿನಜೋಳ ಬರತೊಡಗಿತು. ರಟ್ಟೀಹಳ್ಳಿ ಕಡೆಯ ಒಬ್ಬ ರೈತ ತಂದ ಕಾಳು ಹದಿನೆಂಟು ತೋರಿಸಿತು.

“ಮಳ್ಯಾಗ ತೋಯಿಸ್ಕೊಂಡು ಬಂದೀರಿ,” ಅಂದೆ.

“ಮಳಿ ಎಲ್ಲೈತ್ರಿ ಬಾಯಾರ? ವಾರಾತು, ಹನಿ ಬಿದ್ದಿಲ್ಲ. ಬರ್ರಿ ಇಲ್ಲೆ.”

ಟ್ರ್ಯಾಕ್ಟರಿನ ಹತ್ತಿರ ಕರೆದುಕೊಂಡು ಹೋಗಿ ಕಾಳಿನ ಮೇಲೆ ಬಿಗಿದಿದ್ದ ತಾಡಪತ್ರಿಯ ಅಂಚನ್ನು ಮಗುಚಿ ತೋರಿಸಿದ. ಒಳಮೈಯ ತುಂಬ ಹನಿಗಳು ಒತ್ತೊತ್ತಾಗಿ ನೇತಾಡುತ್ತಿದ್ದವು.

“ಕಾಳು ಬಿಸಿ, ಹೊರಗ ತಂಪ. ಉಸರಾಡಾಕ ಜಾಗಾ ಕೊಡ್ಲಿಲ್ಲ, ತಾನ ಬೆವತೈತಿ. ತಾಡಪತ್ರಿ ಎತ್ತಿ ಗಾಳಿ ಆಡಿಸ್ರಿ ಅಂತ ಹೋದ ವಾರ ನೀವ ಹೇಳಿದ್ರಿ. ನಾ ಕೇಳಲಿಲ್ಲ. ಅದು ನನ್ನ ತಪ್ಪು, ಮಳೀದಲ್ಲ.”

ನಾನು ಆ ಹನಿಗಳನ್ನು ನೋಡುತ್ತ ನಿಂತೆ. ಅವನು ಎರಡು ಸಲ ಕೂಗಬೇಕಾಯಿತಂತೆ.

ಮುಂದಿನ ಮೂರು ದಿನ ಬಾಗಿಲು ತೆರೆದಿಟ್ಟು ಒಂದು ಬಕೆಟ್ ಉಗುರುಬೆಚ್ಚಗಿನ ನೀರಿನಲ್ಲಿ ಸ್ನಾನ ಮುಗಿಸಿದೆ. ಗೋಡೆ ಒಣಗಿತು. ನಾಲ್ಕನೆಯ ದಿನ ಮೊದಲಿನಂತೆ ಬಾಗಿಲು ಹಾಕಿ ಬಿಸಿನೀರಿನ ಕೆಳಗೆ ನಿಂತೆ. ಹತ್ತು ನಿಮಿಷಕ್ಕೆ ಹನಿ ಮೂಡಿತು. ಆ ದಿನದ ಪುಟ ಅಂಟಿಲ್ಲ, ಸ್ಪಷ್ಟವಾಗಿದೆ. ಎರಡೇ ಶಬ್ದ: “ಪೈಪಲ್ಲ. ನಾನು.”

ಬರೆಯುವುದು ಸುಲಭವಾಯಿತು, ಹೇಳುವುದಕ್ಕೆ ಎರಡು ದಿನ ಹಿಡಿಯಿತು.

“ಅಕ್ಕಾರ, ಗ್ವಾಡಿ ಸೋರಿದ್ದಲ್ಲರಿ. ನನ್ನ ಜಳಕದ ಉಗಿ. ಹೋಗಾಕ ದಾರಿ ಇಲ್ಲದ, ಗ್ವಾಡಿಗೆ ಕುಂತು ನೀರಾಗೈತಿ.”

“ಎಷ್ಟೊತ್ತು ಮಾಡ್ತೀರಿ ಜಳಕ?”

“ಅರ್ಧಾ ತಾಸು. ಒಮ್ಮೊಮ್ಮಿ ಮುಕ್ಕಾಲು.”

“ಅಷ್ಟೊತ್ತು ಒಬ್ಬಾಕಿ ಒಳಗೇನು ಮಾಡ್ತೀರಿ?” ಎಂದು ಅವರು ಕೇಳಿದರು ಎಂದು ನನಗೆ ಅನ್ನಿಸುತ್ತದೆ. ಡೈರಿಯಲ್ಲಿ ಆ ಪ್ರಶ್ನೆ ಇಲ್ಲ. ಯಾರಾದರೂ ಕೇಳಲಿ ಎಂದು ನಾನು ಕಾದಿದ್ದೆ, ಅದರಿಂದ ಹೀಗೆ ನೆನಪಾಗುತ್ತಿರಬಹುದು.

ಗಿರಣಿಯ ಮೋಟಾರು ನೋಡಲು ತಿಂಗಳಿಗೊಮ್ಮೆ ಸವಣೂರಿನಿಂದ ಖಾದರಸಾಬ ಎಂಬ ಹಿರಿಯರು ಬರುತ್ತಿದ್ದರು. ನೀಲವ್ವನೇ ಅವರನ್ನು ಮೇಲೆ ಕಳಿಸಿದರು. ಅವರು ಗೋಡೆಯ ಕಂಡಿಯಿಂದ ಗೋಣಿಚೀಲ ಎಳೆದು, ಆ ಕಡೆಯ ಆಕಾಶ ನೋಡಿ ನಕ್ಕರು.

“ತೂತು ಮೊದಲ ತಯಾರ ಮಾಡಿ ಇಟ್ಟು ಮಿಸ್ತ್ರಿನ್ನ ಕರ್ಯೂ ಗಿರಾಕಿ ನನಗ ಇನ್ನತನಾ ಸಿಕ್ಕಿರಲಿಲ್ಲ ನೋಡ್ರಿ.”

“ಬಾಯಾರ್ನ ಕೇಳ್ರಿ, ಅದು ಅವರ ಹುಕುಂ,” ಎಂದರು ಬಾಗಿಲಲ್ಲಿ ನಿಂತಿದ್ದ ನೀಲವ್ವ. ಚುಚ್ಚಿದ್ದು ನೋವಾಯಿತು. ಆದರೂ ಮೂರು ವಾರದ ಮೇಲೆ ಅವರು ನನ್ನನ್ನು ಕೆಣಕಿ ಆಡಿದ ಮೊದಲ ಮಾತು ಅದು, ಹಾಗಾಗಿ ಒಳಗೊಳಗೆ ಹಿತವೂ ಆಯಿತು.

ಖಾದರಸಾಬರು ಹುಬ್ಬಳ್ಳಿಯಿಂದ ಒಂದು ಎಕ್ಸಾಸ್ಟ್ ಫ್ಯಾನು ತಂದರು. ಶಿಗ್ಗಾಂವಿಯ ಒಂದು ಲಾಡ್ಜಿನಲ್ಲಿ ಇಂಥವನ್ನು ಕೂರಿಸಿದ್ದರಂತೆ. ನೋಡಲು ಬಿಳಿ ಊಟದ ತಟ್ಟೆಯಷ್ಟು. ಅದರೊಳಗೆ ಗಾಳಿಯ ತೇವ ಅಳೆಯುವ ಸಣ್ಣ ಸಾಧನವಿತ್ತು, ನನ್ನ ಮೀಟರಿನ ಚಿಕ್ಕ ತಂಗಿಯ ಹಾಗೆ. ಕೆಳಗಡೆ ಒಂದು ಪುಟ್ಟ ತಿರುಪು, ಸುತ್ತ ತೇವದ ಶೇಕಡಾ ಅಂಕಿಗಳು.

“ಹವಾ ಹಸಿ ಆತಂದ್ರ ತಾನ ಚಾಲೂ, ಒಣಗಿತಂದ್ರ ತಾನ ಬಂದ್. ಯಾರೂ ಹೇಳೂದ ಬ್ಯಾಡ,” ಎಂದರು ಖಾದರಸಾಬರು.

“ಹೇಳದ ಕೆಲಸ ಮಾಡೂದಾ? ನಮ್ಮ ಊರಾಗ ಅಂಥಾದ್ದು ಇದ ಮೊದಲ,” ಎಂದರು ನೀಲವ್ವ.

ಕಂಡಿಯನ್ನು ಗುಂಡಗೆ ಮಾಡಿ, ಒಳಗಿನ ಕೊಳವೆ ಹೊರಗಡೆಗೆ ತುಸು ಬಾಗುವಂತೆ ಕೂರಿಸಿದರು. ಉಗಿ ನೀರಾದರೆ ಒಳಗೆ ಬರದೆ ಹೊರಗೆ ತೊಟ್ಟಿಕ್ಕಲಿ ಎಂದು. ಹೊರಬಾಯಿಗೆ ಒಂದು ರೆಪ್ಪೆ, ಫ್ಯಾನು ತಿರುಗಿದಾಗ ತೆರೆದು, ನಿಂತಾಗ ಮುಚ್ಚುವಂಥದ್ದು. ಗಿರಣಿಯ ಹಿಟ್ಟಿಗೆ ಅದೇ ತಡೆ. ಆಮೇಲೆ ಬಚ್ಚಲ ಬಾಗಿಲ ಕೆಳಗೆ ಒಂದು ಬೆರಳಷ್ಟು ಕೊಯ್ದರು. “ಹೊರಗ ಹೋಗೂ ಹವಾಕ್ಕ ಒಳಗ ಬರಾಕೂ ದಾರಿ ಬೇಕಲ್ರಿ? ಇಲ್ಲಾಂದ್ರ ಬರೇ ಒದರತೈತಿ, ಕೆಲಸ ಮಾಡಂಗಿಲ್ಲ.” ಕಡೆಗೆ ತಿರುಪಿನ ಮೇಲೆ ಬೆರಳಿಟ್ಟು ಕೇಳಿದರು, “ಎಷ್ಟಕ್ಕ ಇಡ್ಲಿ?”

“ಅರವತ್ತಕ್ಕ.”

“ಕಡಿಮಿ ಆತೇನೋ ನೋಡ್ರಿ.”

“ಒಣಾ ಇದ್ದಷ್ಟೂ ಛೊಲೋ ಅಲ್ರಿ,” ಅಂದೆ. ಅಂಕಿ ಹೇಳುವ ಚಟ ಇನ್ನೂ ಬಿಟ್ಟಿರಲಿಲ್ಲ.

ಮೊದಲ ವಾರ ಎಲ್ಲ ಸರಿಯಾಗಿತ್ತು. ಸ್ನಾನಕ್ಕೆ ನಿಂತ ಸ್ವಲ್ಪ ಹೊತ್ತಿಗೆ ಫ್ಯಾನು ತಿರುಗುವುದು, ಮುಗಿಸಿ ಬಂದ ಮೇಲೂ ಒಂದಷ್ಟು ಹೊತ್ತು ತಿರುಗಿ ನಿಲ್ಲುವುದು. ಗೋಡೆ ಒಣಗಿತು, ಕಪ್ಪು ಚುಕ್ಕೆ ಒರೆಸಿದರೆ ಮತ್ತೆ ಬರಲಿಲ್ಲ. ನೀಲವ್ವನೊಂದಿಗೆ ಮಾತು ಮಾತ್ರ ಬೇಕಾದಷ್ಟಕ್ಕೇ ನಿಂತಿತ್ತು. ನಾನು ಕೋಣೆ ಬಿಡುವುದೇ ಒಳ್ಳೆಯದು ಅನ್ನಿಸಿತ್ತು. ಬೇರೆ ಕಡೆ ಎರಡು ಮನೆ ನೋಡಿಯೂ ಬಂದಿದ್ದೆ.

ಅಷ್ಟರಲ್ಲಿ ಸೆಪ್ಟೆಂಬರ್ ಕೊನೆಯ ಹಸ್ತಿ ಮಳೆ ಹಿಡಿಯಿತು. ಆ ಬೆಳಿಗ್ಗೆ ಕೆಸರೆಂದು ಚಪ್ಪಲಿ ಬಾಗಿಲಲ್ಲೇ ಬಿಟ್ಟು, ಪ್ಲಾಸ್ಟಿಕ್ ಬೂಟು ಮೆಟ್ಟಿ ಕೆಲಸಕ್ಕೆ ಹೋದೆ. ಎಳೆದರೆ ತಾನೇ ಬೀಗ ಬೀಳುವ ಬಾಗಿಲು ಅದು. ಬಚ್ಚಲಲ್ಲಿ ಫ್ಯಾನು ತಿರುಗುತ್ತಿತ್ತು, ನಿಲ್ಲುತ್ತದೆ ಎಂದುಕೊಂಡೆ. ನಿಲ್ಲಲಿಲ್ಲ. ಹೊರಗಿನ ಗಾಳಿಯೇ ಅರವತ್ತು ದಾಟಿ ಎಲ್ಲೋ ಹೋಗಿತ್ತು.

ಮಧ್ಯಾಹ್ನ ಊಟಕ್ಕೆ ಬಂದಾಗ ಗಿರಣಿ ನಿಂತಿತ್ತು. ಕಟ್ಟೆಯ ಮೇಲೆ ಜನ ಡಬ್ಬಿ ಇಟ್ಟುಕೊಂಡು ಮೇಲಕ್ಕೆ ನೋಡುತ್ತಿದ್ದರು. ಮೆಟ್ಟಿಲು ಹತ್ತಿದರೆ ನನ್ನ ಕೋಣೆಯ ಬಾಗಿಲು ತೆರೆದಿದೆ, ಚಿಲಕ ಕಿತ್ತು ನೇತಾಡುತ್ತಿದೆ. ಮೇಲಿನ ಮೆಟ್ಟಿಲ ಮೇಲೆ ನೀಲವ್ವ ಕೂತಿದ್ದಾರೆ. ಮೈಯೆಲ್ಲ ಹಿಟ್ಟು, ಪಕ್ಕದಲ್ಲಿ ಕಬ್ಬಿಣದ ಹಾರೆ.

“ಎಲ್ಲಿ ಹೋಗಿದ್ದಿ?”

ಅವರು ನನ್ನನ್ನು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು.

“ಕೆಲಸಕ್ಕ ಹೋಗಿದ್ನಲ್ಲರಿ…”

“ಚಪ್ಲಿ ಇಲ್ಲೇ ಅದಾವು. ಮುಂಜಾನಿಂದ ಫ್ಯಾನ್ ನಿಂತಿಲ್ಲ. ನಿನ್ನ ಜಳಕ ಎಷ್ಟೊತ್ತಂತ ನನಗ ಗೊತ್ತಿಲ್ಲೇನ? ಕರದೆ, ಬಾಗಲಾ ಗುದ್ದಿದೆ, ಓ ಅನ್ನವಲ್ಲಿ. ಒಳಗ ಬಿದ್ದಿ ಅಂತ ತಿಳದೆ.”

ಆಮೇಲೆ ಹಾರೆಯ ಕಡೆ ನೋಡುತ್ತ ಹೇಳಿದರು:

“ನಮ್ಮ ಮನಿಯವ್ರೂ ಹಂಗ. ಕೆಳಗಿನ ಬಚ್ಚಲದಾಗ ಬಿದ್ದಿದ್ರು. ಗಿರಣಿ ಚಾಲೂ ಇತ್ತು ಅವತ್ತ. ಕರದಿದ್ರೋ ಏನೋ. ನನಗ ಕೇಳಲಿಲ್ಲ.”

ನಾನು ಅವರ ಪಕ್ಕ ಕೂತು, ಹಿಟ್ಟು ಮೆತ್ತಿದ ಕೈ ಹಿಡಿದುಕೊಂಡೆ ಎಂದು ನೆನಪು. ಡೈರಿಯಲ್ಲಿ ಆ ದಿನ ಇಷ್ಟೇ ಇದೆ: “ಬಾಗಿಲ ಚಿಲಕ ಹೋಯಿತು. ಬಡಿಗೇರನನ್ನು ಕರೆಸಬೇಕು.” ಯಾವುದನ್ನು ನಂಬುವುದು? ಕೈ ಹಿಡಿದಿರದಿದ್ದರೂ ಹಿಡಿಯಬೇಕಿತ್ತು ಎಂಬುದಂತೂ ನಿಜ. ಒಳಗೆ ಫ್ಯಾನು ತಿರುಗುತ್ತಲೇ ಇತ್ತು. ಬೇರೆ ಮನೆ ಹುಡುಕುವುದನ್ನು ಅಂದೇ ಬಿಟ್ಟೆ.

ಖಾದರಸಾಬರು ಮುಂದಿನ ಸಲ ಬಂದು ತಿರುಪನ್ನು ಎಂಬತ್ತೈದಕ್ಕೆ ಏರಿಸಿದರು. “ಪಾಪ, ಅದರ ತಪ್ಪೇನ್ರಿ? ಅರವತ್ತಕ್ಕ ಇಟ್ಟು ನಿಲ್ಲಂದ್ರ ಅದು ಮೊದಲ ಇಡೀ ಹಿರೇಕೆರೂರು ಒಣಗಿಸಬೇಕು!” ನೀಲವ್ವ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು.

ಆಮೇಲಿನ ಮೂರು ತಿಂಗಳಿಗೆ ಒಂದು ಪದ್ಧತಿ ತಾನಾಗಿ ಬಿತ್ತು. ಫ್ಯಾನಿನ ಹೊರಬಾಯಿ ಇದ್ದದ್ದು ನೀಲವ್ವ ಕೂರುವ ಹಿತ್ತಲಿನ ನೇರಕ್ಕೆ. ಬೆಳಿಗ್ಗೆ ಫ್ಯಾನು ಚಾಲೂ ಆದರೆ ಅವರು ಒಲೆ ಹಚ್ಚುವರು. ನಿಂತ ಕೂಡಲೇ ಕೆಳಗಿನಿಂದ ಕೂಗು: “ಆತೇನಬೇ? ಚಾ ಇಟ್ಟೇನಿ, ಬಾ.” ಸ್ನಾನ ಬೇಗ ಮುಗಿದರೆ ಶಾಬಾಶಿ, ತಡವಾದರೆ “ಇವತ್ತೇನು ಮೈಯಾಗ ಸುಖ ಇಲ್ಲೇನ?” ಎಂಬ ವಿಚಾರಣೆ. ಹೊರಗೆ ಒಬ್ಬರು ಕಾಯುತ್ತಿದ್ದಾರೆ ಎಂದು ಗೊತ್ತಾದ ಮೇಲೆ ನನ್ನ ಸ್ನಾನ ಹಾಸ್ಟೆಲಿನ ಅಳತೆಗೆ ಇಳಿಯಿತು. ಒಡೆದ ಹೂವಿನ ಮಾತು ಮಾತ್ರ ನಾವು ಎತ್ತಲಿಲ್ಲ.

ಜನವರಿಯಲ್ಲಿ ಶಿಗ್ಗಾಂವಿಗೆ ವರ್ಗವಾಯಿತು. ಸಂತೆಗೊಮ್ಮೆ ಬರುತ್ತೇನೆ ಅಂದೆ. ಶಿಗ್ಗಾಂವಿಯಿಂದ ಹಾವೇರಿ, ಹಾವೇರಿಯಿಂದ ಹಿರೇಕೆರೂರು, ಬಸ್ಸಿಗೇನೂ ಕೊರತೆಯಿಲ್ಲ. ನಾಲ್ಕು ವರ್ಷ ಹೋಗಲಿಲ್ಲ. ಇದಕ್ಕೆ ಕಾರಣ ಹುಡುಕಿ ಬಹಳ ಸಲ ಬರೆಯಲು ಕೂತಿದ್ದೇನೆ, ಬರೆದದ್ದೆಲ್ಲ ಸುಳ್ಳಾಗಿ ಕಾಣುತ್ತದೆ.

ಹೋದ ತಿಂಗಳು ಕಚೇರಿಯ ಕೆಲಸದ ನೆಪದಲ್ಲಿ ಹೋದೆ. ತುಂತುರು ಮಳೆ. ಗಿರಣಿಯಲ್ಲಿ ಗಿರಾಕಿಗಳಿರಲಿಲ್ಲ, ಮೋಟಾರು ಬಂದ್ ಆಗಿತ್ತು. ನೀಲವ್ವ ಹಿತ್ತಲಲ್ಲಿ ಮೊರ ಹಿಡಿದು ಕೂತಿದ್ದರು, ಬೆನ್ನು ಸ್ವಲ್ಪ ಬಾಗಿತ್ತು. ಹೆಜ್ಜೆ ಕೇಳಿ, ತಿರುಗದೆಯೇ, “ಬಂದೇನ? ದಾರಿ ಸಿಕ್ತ ಅಂತೂ,” ಅಂದರು. ನಾನು ಉತ್ತರಿಸುವ ಮೊದಲೇ ಮೇಲಿನಿಂದ ಆ ಸದ್ದು ಕೇಳಿಸಿತು.

“ಮ್ಯಾಲೆ ಯಾರದಾರ ಅಕ್ಕಾರ?”

“ಯಾರೂ ಇಲ್ಲ. ನೀ ಹೋದ ಮ್ಯಾಲೆ ಯಾರಿಗೂ ಕೊಟ್ಟಿಲ್ಲ.”

“ಮತ್ತ ಫ್ಯಾನು?”

“ಗ್ವಾಡಿ ಬೆವರತೈತಲ್ಲ,” ಎಂದು ಕಾಳು ಕೇರತೊಡಗಿದರು.

ಯಾರೂ ಸ್ನಾನ ಮಾಡದ ಬಚ್ಚಲಿನ ಗೋಡೆ ಬೆವರುವುದಿಲ್ಲ. ಅದು ಅವರಿಗೂ ಗೊತ್ತು, ನನಗೂ ಗೊತ್ತು. ಮೇಲೆ ಹೋದೆ. ಕೋಣೆ ಖಾಲಿ, ಗುಡಿಸಿ ಇಟ್ಟಿತ್ತು. ಬಚ್ಚಲಿನ ಗೋಡೆ ಒಣಗಿ ಬೆಳ್ಳಗಿತ್ತು. ಫ್ಯಾನಿನ ಕೆಳಗೆ ಒಂದು ಬಕೆಟ್ ಬೋರಲಾಗಿ ಇತ್ತು, ಹತ್ತಿ ನಿಲ್ಲಲು ಇಟ್ಟ ಹಾಗೆ. ನಾನೂ ಅದರ ಮೇಲೆ ಹತ್ತಿ ನೋಡಿದೆ. ತಿರುಪು ಮತ್ತೆ ಅರವತ್ತಕ್ಕೆ ಬಂದಿತ್ತು, ಮಳೆಗಾಲವಿಡೀ ನಿಲ್ಲದೆ ತಿರುಗುವ ಹಾಗೆ. ಅದರ ಸೀಳಿನಲ್ಲಿ ಹಿಟ್ಟು ಗಟ್ಟಿಯಾಗಿ ಕೂತಿತ್ತು. ಆದರೆ ಆ ಮನೆಯಲ್ಲಿ ಹಿಟ್ಟಿಲ್ಲದ ಸೀಳು ಯಾವುದಿದೆ? ಹೊರಡುವ ದಿನ ನಾನೇ ತಿರುಗಿಸಿ ಹೋಗಿದ್ದೆನೇ ಎಂದು ಒಂದು ಕ್ಷಣ ಅನುಮಾನ ಬಂತು. ಇಲ್ಲ. ಅಷ್ಟು ಒಳ್ಳೆಯ ಯೋಚನೆ ನನಗೆ ಹೊಳೆದಿರಲಾರದು.

ಕೀಲಿಯ ತುದಿಯಿಂದ ತಿರುಪನ್ನು ಎಂಬತ್ತೈದಕ್ಕೆ ತಿರುಗಿಸಿದೆ. ಯಾಕೆ ಎಂದು ಕೇಳಿದರೆ ಹೇಳಲಾರೆ, ಸರಿಯಾದ ಅಂಕಿ ಅದಾಗಿತ್ತು. ಫ್ಯಾನು ಇನ್ನಷ್ಟು ಹೊತ್ತು ತಿರುಗಿ ನಿಂತಿತು. ಹೊರಗಿನ ರೆಪ್ಪೆ ಟಪ್ ಎಂದು ಮುಚ್ಚಿಕೊಂಡಿತು. ಮನೆಯಿಡೀ ಸದ್ದಡಗಿತು. ಮರುಗಳಿಗೆಗೆ ಕೆಳಗಿನಿಂದ ಕೂಗು ಬಂತು:

“ಆತೇನಬೇ? ಚಾ ಇಟ್ಟೇನಿ, ಬಾ.”

“ಬಂದೆ ಅಕ್ಕಾರ,” ಅಂದೆ. ಬಕೆಟಿನಿಂದ ಇಳಿಯುವ ಮೊದಲು ತಿರುಪನ್ನು ಮತ್ತೆ ಅರವತ್ತಕ್ಕೆ ತಂದೆ. ಮೆಟ್ಟಿಲು ಅರ್ಧ ಇಳಿದಿದ್ದಾಗ ನನ್ನ ಬೆನ್ನ ಹಿಂದೆ ಅದು ತಿರುಗತೊಡಗಿತು. ಒಲೆಯ ಮುಂದೆ ನೀಲವ್ವ ತಲೆಯೆತ್ತಿ ಒಂದು ಗಳಿಗೆ ಕೇಳಿಸಿಕೊಂಡರು. ಆಮೇಲೆ ಚಹಾಕ್ಕೆ ಸಕ್ಕರೆ ಹಾಕಿದರು.